ಡೊನೇಷನ್ ಸೀಟು ಮತ್ತು ಹತ್ತು ಡಾಲರಿನ ವಂತಿಗೆ

1931ರ ಅಕ್ಟೋಬರ್ 16ರಂದು ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಫ್ಲಾರೆನ್ಸ್ ಎಂಬ ಊರಿನಲ್ಲಿ ಕ್ಲೆಮ್ಸನ್ ಕಾಲೇಜಿನ ಫುಟ್‌ಬಾಲ್ ತಂಡ ಸಿಟಾಡೆಲ್ ಎಂಬ ಸೈನಿಕ ಕಾಲೇಜಿಗೆ 6–0 ಅಂತರದಲ್ಲಿ ಸೋತಿತು. ಆಟ ಮುಗಿದ ಮೇಲೆ ಕೋಚ್ ಜೆಸ್ ನೀಲಿ ಮತ್ತು ಕಾಲೇಜಿಗೆ ಬೇಕಾದ ಕೆಲವರು ಮೈದಾನದ ಹೊರಗೆ ಒಂದು ಕಾರಿನಲ್ಲಿ ಕೂತು ಮುಂದೇನು ಎಂದು ಮಾತಾಡಿಕೊಂಡರು. ವರ್ಷಕ್ಕೆ ಹತ್ತು ಸಾವಿರ ಡಾಲರ್ ಕೈಗೆ ಸಿಕ್ಕರೆ ಗೆಲ್ಲುವ ತಂಡ ಕಟ್ಟಿಕೊಡುತ್ತೇನೆ ಎಂಬುದು ನೀಲಿಯ ಮಾತಾಗಿತ್ತು. ತಲಾ 50 ಡಾಲರ್ ಕೊಡಬಲ್ಲ ಇನ್ನೂರು ಜನ ಸಿಕ್ಕರೆ ಸಾಕು ಎಂಬ ಲೆಕ್ಕ ಹುಟ್ಟಿತು. ಆದರೆ ಮಹಾ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ, ಹತ್ತಿ ಬೆಳೆಯುವ ಆ ಸೀಮೆಯಲ್ಲಿ, ಆಟಕ್ಕೆಂದು 50 ಡಾಲರ್ ಎತ್ತಿಡಬಲ್ಲವರು ಎಷ್ಟು ಜನ ಇದ್ದಾರು? 1934ರಲ್ಲಿ, ಅಟ್ಲಾಂಟಾದಲ್ಲಿ ವೈದ್ಯರಾಗಿದ್ದ ಕ್ಲೆಮ್ಸನ್‌ನ ಹಳೆಯ ವಿದ್ಯಾರ್ಥಿ ರೂಪರ್ಟ್ ಫೈಕ್ ಆ ಮೊತ್ತವನ್ನು ಹತ್ತಕ್ಕೆ ಇಳಿಸಿದರು. ಸಂಘದ ಹೆಸರೇ ಅದರ ನಿಯಮವೂ ಆಯಿತು: ‘ಐ ಪೇ ಟೆನ್ ಎ ಇಯರ್’, ಅಂದರೆ ವರ್ಷಕ್ಕೆ ಹತ್ತು ಕೊಡುತ್ತೇನೆ. ಮೊದಲಕ್ಷರಗಳನ್ನು ಕೂಡಿಸಿ ಐಪ್ಟೇ ಎಂದು ಕರೆದರು. ಹತ್ತು ಡಾಲರೂ ಹುಟ್ಟದವರು ಹಾಲು, ಗೆಣಸು, ಸೊಪ್ಪು ತಂದು ಕೊಟ್ಟರಂತೆ. ಆರು ವರ್ಷ ತುಂಬುವುದರೊಳಗೆ, 1940ರ ಹೊಸ ವರ್ಷದ ದಿನ, ಕ್ಲೆಮ್ಸನ್ ಟೆಕ್ಸಸ್‌ನ ಕಾಟನ್ ಬೌಲ್ ಗೆದ್ದಿತು. ಆ ಸಂಘ ಇವತ್ತಿಗೂ ಇದೆ. ಅದರ ಲೆಕ್ಕ ಈಗ ಕೋಟಿ ಡಾಲರುಗಳಲ್ಲಿ ನಡೆಯುತ್ತದೆ.

ಕನ್ನಡದಲ್ಲಿ ಈ ಹತ್ತು ಡಾಲರಿಗೆ ಸರಿಯಾಗಿ ಹೊಂದುವ ಪದ ವಂತಿಗೆ. ಊರಹಬ್ಬಕ್ಕೆ ಮನೆಗಿಷ್ಟು ಎಂದು ಎತ್ತುವ ಹಣ ಅದು. ದಾನ ಕೊಟ್ಟವನು ಒಂದು ಮೆಟ್ಟಿಲು ಮೇಲೆ ನಿಲ್ಲುತ್ತಾನೆ, ಪಡೆದವನು ಕೆಳಗೆ. ವಂತಿಗೆ ಕೊಟ್ಟವನು ಎಲ್ಲರ ಸಾಲಿನಲ್ಲೇ ನಿಲ್ಲುತ್ತಾನೆ. ಹಬ್ಬ ತನ್ನದೂ ಹೌದು ಎನ್ನುತ್ತಾನೆ, ಹಬ್ಬ ಮುಗಿದ ಮೇಲೆ ಲೆಕ್ಕವನ್ನೂ ಕೇಳುತ್ತಾನೆ. ಮುಂಬಯಿ, ಪುಣೆ, ಚೆನ್ನೈ, ದೆಹಲಿಯ ಕನ್ನಡ ಸಂಘಗಳ ರಾಜ್ಯೋತ್ಸವಕ್ಕೆ ರಸೀದಿ ಪುಸ್ತಕ ಹಿಡಿದು ಮನೆಮನೆ ಹತ್ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಕಾಲೇಜು ಕ್ರೀಡೆ ಈಗ ಮತ್ತೆ ಅಭಿಮಾನಿಗಳ ಮುಂದೆ ಕೈಚಾಚಿದೆ, ಹಿಂದೆಂದಿಗಿಂತ ಜೋರಾಗಿ. ಅಭಿಮಾನಿಗಳು ಕೊಡಬೇಕೆ? ಕೊಡಬೇಕು. ಆದರೆ ಅದನ್ನು ವಂತಿಗೆಯಂತೆ ಕೇಳಬೇಕು, ವಂತಿಗೆಯಂತೆ ಲೆಕ್ಕ ಒಪ್ಪಿಸಬೇಕು. ಕೇಳುವವರು ಈ ಎರಡನ್ನೂ ಮರೆತು ಬಹಳ ಕಾಲವಾಗಿದೆ. ಈಗಲೂ ನೆನಪಿಸಿಕೊಳ್ಳದಿದ್ದರೆ ಇಲ್ಲವಾಗುವುದು ಲಕ್ಷ ಜನ ನೋಡುವ ಫುಟ್‌ಬಾಲ್ ಅಲ್ಲ. ಯಾರೂ ಟಿಕೆಟ್ ಕೊಂಡು ನೋಡದ ಈಜು, ಕುಸ್ತಿ, ಓಟ, ಎಸೆತಗಳು.

ಅಲ್ಲಿನ ವ್ಯವಸ್ಥೆ ಭಾರತದ್ದಕ್ಕಿಂತ ಪೂರ್ತಿ ಬೇರೆ. ಇಲ್ಲಿ ಒಬ್ಬ ಓಟಗಾರ್ತಿಗೆ ನೌಕರಿ ಕೊಡುವುದು ರೈಲ್ವೆ ಅಥವಾ ಪೊಲೀಸ್ ಇಲಾಖೆ, ತರಬೇತಿ ಕೊಡುವುದು ಕ್ರೀಡಾ ಪ್ರಾಧಿಕಾರ, ಬೂಟು ಕೊಡಿಸುವುದು ಯಾರೋ ಪುಣ್ಯಾತ್ಮರು. ಅಮೆರಿಕದ ಒಲಿಂಪಿಕ್ ಸಮಿತಿಗೆ ಕೇಂದ್ರ ಸರ್ಕಾರದ ನಿಯತ ಅನುದಾನವಿಲ್ಲ. ಅಲ್ಲಿ ಕ್ರೀಡಾಪಟುವನ್ನು ಹದಿನೆಂಟರಿಂದ ಇಪ್ಪತ್ತೆರಡರ ವಯಸ್ಸಿನಲ್ಲಿ ಸಾಕಿ ಬೆಳೆಸುವುದು ಕಾಲೇಜು. ಒಲಿಂಪಿಕ್ಸ್‌ಗೆ ಹೋಗುವ ಅಮೆರಿಕದ ತಂಡದಲ್ಲಿ ಬಹುಪಾಲು ಜನ ಯಾವುದೋ ಒಂದು ಕಾಲೇಜಿನ ಬಣ್ಣ ತೊಟ್ಟು ಬಂದವರೇ. ಕಾಲೇಜಿಗೆ ದುಡ್ಡು ತರುವುದು ಫುಟ್‌ಬಾಲ್, ಅದರ ಹಿಂದೆ ಪುರುಷರ ಬ್ಯಾಸ್ಕೆಟ್‌ಬಾಲ್. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಸೀಟುಗಳಿವೆ. ಶನಿವಾರಗಳಲ್ಲಿ ಅದು ತುಂಬುತ್ತದೆ. ಆ ದುಡ್ಡಿನಲ್ಲಿ ಉಳಿದ ಇಪ್ಪತ್ತು ಚಿಲ್ಲರೆ ಆಟಗಳು ಉಸಿರಾಡುತ್ತವೆ. ಕೂಡುಕುಟುಂಬದ ಹಾಗೆ: ದುಡಿಯುವವನು ಒಬ್ಬ, ಉಣ್ಣುವ ಬಾಯಿ ಇಪ್ಪತ್ತು. ದುಡಿಯುವವನ ಗಳಿಕೆಯೇ ಸಾಲದ ಮನೆಗಳೇ ಹೆಚ್ಚು. ಆ ಕೊರತೆಯನ್ನು ತುಂಬುವವರು ಇಬ್ಬರು. ಫೀಸಿನ ಜೊತೆಗೆ ಕ್ರೀಡಾಶುಲ್ಕವನ್ನೂ ತೆರುವ ವಿದ್ಯಾರ್ಥಿಗಳು, ಮತ್ತು ಅಭಿಮಾನಿಗಳು.

ಈ ಕೂಡುಕುಟುಂಬದ ಅನ್ನ ಕನ್ನಡದ ಮಗನೊಬ್ಬನಿಗೂ ಸಂದಿದೆ. ವಿಕಾಸ್ ಗೌಡ 1983ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಹೋಗಿ ಮೇರಿಲ್ಯಾಂಡಿನಲ್ಲಿ ಬೆಳೆದವರು. ತಂದೆಯೇ ಕ್ರೀಡಾಪಟು, ಕೋಚ್. ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓದುತ್ತ 2006ರಲ್ಲಿ ಅವರು ಡಿಸ್ಕಸ್ ಎಸೆತದಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್ ಆದರು. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಆ ಕೂಟದ ಅಥ್ಲೆಟಿಕ್ಸ್‌ನಲ್ಲಿ ಭಾರತದ ಪುರುಷನೊಬ್ಬ ಚಿನ್ನ ಗೆದ್ದದ್ದು 1958ರ ಮಿಲ್ಖಾ ಸಿಂಗ್ ನಂತರ ಅದೇ ಮೊದಲು. ಚಾಪೆಲ್ ಹಿಲ್ ಅಂದರೆ ಬ್ಯಾಸ್ಕೆಟ್‌ಬಾಲ್ ಊರು, ಮೈಕೆಲ್ ಜೋರ್ಡಾನ್ ಆಡಿದ ಊರು. ಅಲ್ಲಿ ಡಿಸ್ಕಸ್ ಎಸೆಯುವುದನ್ನು ನೋಡಲು ಯಾರು ಟಿಕೆಟ್ ಕೊಳ್ಳುತ್ತಾರೆ? ಎಸೆಯುವ ವೃತ್ತ, ಬಲೆ, ಕೋಚ್‌ನ ಸಂಬಳ, ವ್ಯಾಯಾಮಶಾಲೆ, ದೂರದ ಕೂಟಗಳಿಗೆ ವಿಮಾನದ ಚಾರ್ಜು, ಇವೆಲ್ಲ ಬೇರೆಲ್ಲಿಂದಲೋ ಬರಬೇಕು. ಆ ವಿಶ್ವವಿದ್ಯಾಲಯದ ಕ್ರೀಡಾ ವಿದ್ಯಾರ್ಥಿವೇತನಗಳಿಗೆ ಹಣ ಹೊಂದಿಸುವ ರ‍್ಯಾಮ್ಸ್ ಕ್ಲಬ್ ಎಂಬ ಅಭಿಮಾನಿಗಳ ನಿಧಿ 1938ರಿಂದ ನಡೆದುಬಂದಿದೆ. ದೆಹಲಿಯ ಎತ್ತರ ಜಿಗಿತಗಾರ ತೇಜಸ್ವಿನ್ ಶಂಕರ್ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಿಂದ 2018 ಮತ್ತು 2022ರಲ್ಲಿ ಕಾಲೇಜು ಚಾಂಪಿಯನ್ ಆದಾಗಲೂ, ಟೆನಿಸ್‌ನಲ್ಲಿ ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕಾಗಿ 2007 ಮತ್ತು 2008ರಲ್ಲಿ ಗೆದ್ದಾಗಲೂ ಅಲ್ಲಿದ್ದದ್ದು ಇದೇ ಏರ್ಪಾಡು. ಕಾನ್ಸಾಸ್‌ನ ಗೋಧಿಹೊಲಗಳ ನಡುವೆ ಕೂತು ಫುಟ್‌ಬಾಲ್ ತಂಡಕ್ಕೆಂದು ಚೆಕ್ ಬರೆದ ಯಾರೋ ರೈತ, ಭಾರತದ ಒಂದು ಕಾಮನ್‌ವೆಲ್ತ್ ಕಂಚಿಗೆ ತನಗೆ ತಿಳಿಯದೆಯೇ ಹೆಗಲು ಕೊಟ್ಟಿದ್ದಾನೆ ಎಂದರೆ ಅತಿಶಯವಾಗಲಾರದು.

ಹಾಗಾದರೆ ಹಾದಿ ತಪ್ಪಿದ್ದೆಲ್ಲಿ? ಕರ್ನಾಟಕದವರಿಗೆ ಇದು ಒಂದೇ ಮಾತಿನಲ್ಲಿ ತಿಳಿಯುತ್ತದೆ: ಡೊನೇಷನ್ ಸೀಟು. 1984ರಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ಕಾನೂನು ತರಬೇಕಾಗಿ ಬಂದ ರಾಜ್ಯ ಅದು. ಅಲ್ಲಿ ‘ಡೊನೇಷನ್’ ಎಂಬ ಪದಕ್ಕೆ ದಾನದ ಅರ್ಥ ಹೋಗಿ ಬೆಲೆಯ ಅರ್ಥ ಬಂದು ಎಷ್ಟೋ ಕಾಲವಾಯಿತು. ‘ಡೊನೇಷನ್ ಎಷ್ಟು ಕೊಟ್ರಿ?’ ಎಂದರೆ ‘ಎಷ್ಟಕ್ಕೆ ಕೊಂಡ್ರಿ?’ ಎಂದೇ. ಅಮೆರಿಕದ ಕಾಲೇಜು ಕ್ರೀಡೆಯಲ್ಲೂ ಇದೇ ನಡೆಯಿತು, ಅದೂ ಅಕ್ಷರಶಃ ಸೀಟಿನ ಲೆಕ್ಕದಲ್ಲಿ. ಕ್ರೀಡಾಂಗಣದ ನಡುಭಾಗದಲ್ಲಿ ಕೂರಬೇಕಾದರೆ ಟಿಕೆಟಿನ ಬೆಲೆ ಕೊಟ್ಟರೆ ಸಾಲದು. ಮೊದಲು ಸೀಟಿಗಿಷ್ಟು ಎಂದು ಕ್ರೀಡಾನಿಧಿಗೆ ‘ದೇಣಿಗೆ’ ಕೊಡಬೇಕು, ಆಮೇಲೆ ಟಿಕೆಟ್ ಕೊಳ್ಳುವ ಹಕ್ಕು. ಕೊಟ್ಟಷ್ಟೂ ಅಂಕಗಳು, ಅಂಕ ಹೆಚ್ಚಿದಷ್ಟೂ ಒಳ್ಳೆಯ ಸೀಟು, ಹತ್ತಿರದ ಪಾರ್ಕಿಂಗ್. ಅಂಕಗಳ ಪಟ್ಟಿಯಲ್ಲಿ ಯಾರು ಯಾರಿಗಿಂತ ಮೇಲಿದ್ದಾರೆ ಎಂಬುದೇ ಕೆಲವು ಊರುಗಳಲ್ಲಿ ಅಂತಸ್ತಿನ ಅಳತೆ. ಸರ್ಕಾರವೂ ಸುಮಾರು ಮೂವತ್ತು ವರ್ಷ ಈ ಆಟಕ್ಕೆ ತಲೆಯಾಡಿಸಿತು: ಹೀಗೆ ಸೀಟಿಗಾಗಿ ಕೊಟ್ಟ ಹಣದ ಶೇಕಡ 80ರಷ್ಟನ್ನು ದಾನವೆಂದೇ ಪರಿಗಣಿಸಿ ತೆರಿಗೆ ವಿನಾಯಿತಿ ಸಿಗುತ್ತಿತ್ತು. 2017ರ ತೆರಿಗೆ ಕಾನೂನು ಅದನ್ನು ನಿಲ್ಲಿಸಿತು. ಆ ಡಿಸೆಂಬರಿನಲ್ಲಿ, ವಿನಾಯಿತಿ ಹೋಗುವುದರೊಳಗೆ ಮುಂದಿನ ವರ್ಷದ ದೇಣಿಗೆಯನ್ನೂ ಕಟ್ಟಿಬಿಡಲು ಕ್ರೀಡಾನಿಧಿಗಳ ಮುಂದೆ ನೂಕುನುಗ್ಗಲಾಯಿತು. ದಾನ ಎಷ್ಟು, ವ್ಯಾಪಾರ ಎಷ್ಟು ಎಂಬುದಕ್ಕೆ ಆ ಒಂದು ತಿಂಗಳೇ ಸಾಕ್ಷಿ.

ಸೀಟು ಮಾರುವುದು ಪಾಪವೇನಲ್ಲ. ಮಾರಲಿ, ಬೆಲೆ ಎಂದು ಕರೆದು ಮಾರಲಿ. ಅದನ್ನು ದೇಣಿಗೆ ಎಂದು ಕರೆದದ್ದರಿಂದ ಒಂದು ಕೇಡಾಯಿತು: ಸೀಟು ಬೇಡದವನು ಕೊಡಲೇಬೇಕಾಗಿಲ್ಲ ಎಂಬ ಅಭ್ಯಾಸ ಬೆಳೆಯಿತು. ದೂರದ ಊರಿನಲ್ಲಿದ್ದು ಟಿವಿಯಲ್ಲಿ ಆಟ ನೋಡುವವನು, ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಬಂದು ಮೇಲಿನ ಮೂಲೆಯಲ್ಲಿ ಕೂರುವವಳು, ಇವರಿಗೆ ನಿಧಿಯ ಕಾಗದವೇ ಹೋಗುವುದಿಲ್ಲ. ಹೋದರೂ ಅದರಲ್ಲಿರುವುದು ಸೀಟಿನ ನಕ್ಷೆ, ದರಪಟ್ಟಿ.

ಕೇಳುವವರು ದೊಡ್ಡ ಮೀನು ಹಿಡಿಯುವ ಗುಂಗಿನಲ್ಲೂ ಬಿದ್ದರು. 2005ರ ಕೊನೆಯಲ್ಲಿ ತೈಲೋದ್ಯಮಿ ಬೂನ್ ಪಿಕೆನ್ಸ್ ತಮ್ಮ ಓಕ್ಲಹಾಮಾ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡೆಗೆ 16.5 ಕೋಟಿ ಡಾಲರ್ ಕೊಟ್ಟರು. ಆ ಮೊತ್ತ ಕೇಳಿ ದೇಶದ ಕ್ರೀಡಾ ನಿರ್ದೇಶಕರೆಲ್ಲ ತಮ್ಮ ಊರಿನ ಪಿಕೆನ್ಸ್ ಯಾರು ಎಂದು ಹುಡುಕತೊಡಗಿದರು. ಆ ಹಣವನ್ನು ಪಿಕೆನ್ಸ್ ಅವರದೇ ಹೂಡಿಕೆ ಸಂಸ್ಥೆಯಲ್ಲಿ ತೊಡಗಿಸಲಾಯಿತು, 2008ರ ಕುಸಿತದಲ್ಲಿ ಅದಕ್ಕೆ ಭಾರಿ ಪೆಟ್ಟು ಬಿತ್ತು ಎಂಬುದು ಆ ಕಥೆಯ ಎರಡನೆಯ ಭಾಗ. ಅದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಕ್ರೀಡಾಂಗಣಕ್ಕೆ ಪಿಕೆನ್ಸ್ ಹೆಸರಿದೆ. ಐಪ್ಟೇಗೆ ಗೆಣಸು ತಂದವರ ಹೆಸರು ಎಲ್ಲೂ ಇಲ್ಲ, ಆದರೆ ಒಬ್ಬ ಗೆಣಸು ನಿಲ್ಲಿಸಿದರೆ ಆ ಸಂಘ ಅಲುಗಾಡುತ್ತಿರಲಿಲ್ಲ.

ಇಷ್ಟೆಲ್ಲ ಹಳೆಯ ಕಾಯಿಲೆ. ಹೊಸದು ಶುರುವಾದದ್ದು 2021ರಲ್ಲಿ. ಅಲ್ಲಿಯ ತನಕ ಕಾಲೇಜು ಕ್ರೀಡಾಪಟು ‘ಹವ್ಯಾಸಿ’. ವಿದ್ಯಾರ್ಥಿವೇತನ ಬಿಟ್ಟು ಬಿಡಿಗಾಸು ಮುಟ್ಟುವಂತಿರಲಿಲ್ಲ. ಕೋಚ್‌ಗೆ ಕೋಟಿಗಳಲ್ಲಿ ಸಂಬಳ, ಆಡುವ ಹುಡುಗನಿಗೆ ಊಟ, ವಸತಿ, ಪಾಠ. ಆ ವರ್ಷ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಕ್ರೀಡಾಪಟುಗಳ ಪರವಾಗಿ ತೀರ್ಪು ಕೊಟ್ಟರು. ಜುಲೈ ಒಂದರಿಂದ ಆಟಗಾರರು ತಮ್ಮ ಹೆಸರು, ಮುಖಗಳಿಂದ ಗಳಿಸಬಹುದು ಎಂದಾಯಿತು. ಅಭಿಮಾನಿಗಳಿಂದ ಹಣ ಎತ್ತಿ ಆಟಗಾರರಿಗೆ ಕೊಡುವ ಹೊಸ ಕೂಟಗಳು ಊರೂರಿಗೆ ಎದ್ದವು; ಅವುಗಳಲ್ಲಿ ಅನೇಕವು ಧರ್ಮಸಂಸ್ಥೆಯ ವೇಷ ತೊಟ್ಟವು. ಅವುಗಳಲ್ಲಿ ಬಹಳಷ್ಟಕ್ಕೆ ಆ ವೇಷ ಸಲ್ಲದು ಎಂದು 2023ರಲ್ಲಿ ತೆರಿಗೆ ಇಲಾಖೆಯ ವಕೀಲರೇ ಬರೆದರು. ಆಮೇಲೆ 2025ರ ಜೂನ್‌ನಲ್ಲಿ ‘ಹೌಸ್’ ಮೊಕದ್ದಮೆಯ ರಾಜಿಗೆ ನ್ಯಾಯಾಲಯದ ಒಪ್ಪಿಗೆ ಬಿತ್ತು. ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ಇನ್ನು ಮುಂದೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಪಾಲು ಕೊಡಬಹುದು, ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್‌ವರೆಗೆ.

ಆಟಗಾರರಿಗೆ ಪಾಲು ಸಿಕ್ಕಿದ್ದು ನ್ಯಾಯ. ಇದರಲ್ಲಿ ಎರಡು ಮಾತಿಲ್ಲ. ಆದರೆ ಕೂಡುಕುಟುಂಬದಲ್ಲಿ ದುಡಿಯುವ ಅಣ್ಣ ತನ್ನ ಗಳಿಕೆ ತನಗೆ ಬೇಕು ಎಂದಾಗ, ಅಡುಗೆಮನೆಯಲ್ಲಿ ಏನಾಗುತ್ತದೆ? ಪಾಲಿನ ಹಣ ಬಹುಪಾಲು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಹೋಗುತ್ತದೆ. ಪರಿಹಾರದ ಹೊರೆಯಾದರೋ, ರಾಷ್ಟ್ರೀಯ ಸಂಸ್ಥೆಯಿಂದ ಬರುವ ಹಣದಲ್ಲಿ ಕಡಿತವಾಗಿ ಸಣ್ಣ ಕಾಲೇಜುಗಳ ಮೇಲೂ ಬೀಳುತ್ತದೆ. ಉಳಿದ ಆಟಗಳ ತಟ್ಟೆಗೆ ಏನು ಬೀಳುತ್ತದೆ ಎಂಬುದನ್ನು ಯಾವ ನ್ಯಾಯಾಲಯವೂ ಹೇಳಿಲ್ಲ.

ಇನ್ನೂ ಒಂದು ಬದಲಾವಣೆ ಆಗಿದೆ, ಅದರ ಮೇಲೆ ಜನರ ಕಣ್ಣು ಬಿದ್ದಂತಿಲ್ಲ. ಹಳೆಯ ನಿಯಮದಲ್ಲಿ ಒಂದು ಕಾಲೇಜು ಪುರುಷರ ಅಥ್ಲೆಟಿಕ್ಸ್‌ಗೆ ಕೊಡಬಹುದಾಗಿದ್ದ ಪೂರ್ಣ ವಿದ್ಯಾರ್ಥಿವೇತನಗಳು 12.6. ಈಜಿಗೆ 9.9, ಕುಸ್ತಿಗೆ 9.9, ಬೇಸ್‌ಬಾಲ್‌ಗೆ 11.7. ಫುಟ್‌ಬಾಲ್‌ಗೆ 85! ಹನ್ನೆರಡೂವರೆ ವೇತನವನ್ನು ಮೂವತ್ತು ನಲವತ್ತು ಓಟಗಾರರು, ಜಿಗಿತಗಾರರು, ಎಸೆತಗಾರರು ಹಂಚಿಕೊಳ್ಳಬೇಕು. ಒಬ್ಬನಿಗೆ ಕಾಲು, ಒಬ್ಬನಿಗೆ ಪುಸ್ತಕದ ದುಡ್ಡು, ಹಲವರಿಗೆ ಏನೂ ಇಲ್ಲ. ಹೊಸ ರಾಜಿಗೆ ಸೇರಿದ ಕಾಲೇಜುಗಳಿಗೆ ಈ ಮಿತಿ ಹೋಗಿದೆ. ತಂಡದಲ್ಲಿ ಇಷ್ಟೇ ಜನ ಇರಬೇಕು ಎಂಬ ಮಿತಿಯುಂಟು, ಆದರೆ ಇರುವ ಅಷ್ಟೂ ಜನಕ್ಕೆ ಪೂರ್ಣ ವೇತನ ಕೊಡಬಹುದು, ಕೊಡಲು ಹಣವಿದ್ದರೆ. ನಿನ್ನೆಯವರೆಗೆ ಅಡ್ಡ ನಿಂತಿದ್ದದ್ದು ನಿಯಮ, ಇವತ್ತು ಅಡ್ಡ ನಿಂತಿರುವುದು ಖಾಲಿ ಜೇಬು. ಅಭಿಮಾನಿಯ ಇಪ್ಪತ್ತೈದು ಡಾಲರ್ ಈಗಿನಷ್ಟು ಕೆಲಸಕ್ಕೆ ಬರುವ ಹಣವಾಗಿ ಹಿಂದೆಂದೂ ಇರಲಿಲ್ಲ ಎಂದು ಹೇಳುವುದಕ್ಕೆ ಇದೇ ಕಾರಣ.

ಅಭಿಮಾನಿ ಮಾತ್ರ ಬೇಸತ್ತಿದ್ದಾನೆ. ಬೇಸರಕ್ಕೆ ಅವನನ್ನು ದೂರುವಂತಿಲ್ಲ. ಟಿಕೆಟಿಗೆ ಒಮ್ಮೆ, ಸೀಟಿಗೆ ಒಮ್ಮೆ, ಕ್ರೀಡಾಂಗಣದ ನವೀಕರಣಕ್ಕೆ ಒಮ್ಮೆ, ಆಟಗಾರರ ಕೂಟಕ್ಕೆ ಒಮ್ಮೆ ಎಂದು ಅವನ ಜೇಬಿಗೆ ಕೈ ಹಾಕಲಾಗಿದೆ. ಈ ವರ್ಷ ಹಣ ಕೊಟ್ಟು ಉಳಿಸಿಕೊಂಡ ಆಟಗಾರ ಮುಂದಿನ ವರ್ಷ ಎದುರಾಳಿ ಕಾಲೇಜಿನ ಅಂಗಿ ತೊಟ್ಟಿರುತ್ತಾನೆ. 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಕೋಚ್ ಜಿಂಬೋ ಫಿಶರ್ ಅವರನ್ನು ಕೆಲಸದಿಂದ ತೆಗೆದಾಗ, ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾಗಿದ್ದದ್ದು 7.6 ಕೋಟಿ ಡಾಲರಿಗೂ ಹೆಚ್ಚು. ಕೆಲಸ ಮಾಡದೆ ಇರುವುದಕ್ಕೆ! ಮೊದಲ ಕಂತನ್ನು ಅಭಿಮಾನಿಗಳ ನಿಧಿಯಲ್ಲಿ ಯಾವ ಉದ್ದೇಶಕ್ಕೂ ಕಟ್ಟುಬೀಳದ ಹಣದಿಂದ ಕೊಡುತ್ತೇವೆ ಎಂದು ವಿಶ್ವವಿದ್ಯಾಲಯವೇ ಹೇಳಿತು. ಅದು ಕಾನೂನಿಗೆ ವಿರುದ್ಧವಲ್ಲ; ದಾನಿಗಳು ‘ಎಲ್ಲಿಗಾದರೂ ಬಳಸಿ’ ಎಂದೇ ಕೊಟ್ಟ ಹಣ. ಆದರೆ ಆ ‘ಎಲ್ಲಿಗಾದರೂ’ ಎಂಬ ಪದದೊಳಗೆ ಇದೂ ಇತ್ತೆಂದು ಚೆಕ್ ಬರೆದ ಎಷ್ಟು ಮಂದಿಗೆ ಗೊತ್ತಿತ್ತು? ಊರಹಬ್ಬದ ವಂತಿಗೆಯಲ್ಲಿ ಹೀಗಾಗಿದ್ದರೆ ಮರುದಿನವೇ ಅರಳೀಕಟ್ಟೆಯಲ್ಲಿ ಪಂಚಾಯಿತಿ ಸೇರುತ್ತಿತ್ತು.

ಆದ್ದರಿಂದ ಅಭಿಮಾನಿಗೆ ಹೇಳಬೇಕಾದ ಮೊದಲ ಮಾತು: ಕೊಡಿ, ಆದರೆ ಇಂಥದ್ದಕ್ಕೇ ಎಂದು ಬರೆದು ಕೊಡಿ. ಮಹಿಳೆಯರ ಈಜಿಗೆ, ಓಟದ ವಿದ್ಯಾರ್ಥಿವೇತನಕ್ಕೆ, ಕುಸ್ತಿ ತಂಡದ ಪ್ರಯಾಣಕ್ಕೆ. ಹಾಗೆ ಗುರುತು ಹಾಕಿ ಕೊಟ್ಟ ಹಣವನ್ನು ಕೋಚ್‌ನ ಪರಿಹಾರಕ್ಕೆ ತಿರುಗಿಸುವುದು ಸುಲಭವಲ್ಲ. ನಿಧಿಯ ಅಧಿಕಾರಿಗಳಿಗೆ ಇದು ಇಷ್ಟವಾಗುವುದಿಲ್ಲ, ಅವರಿಗೆ ಕೈ ಬಿಚ್ಚಿ ಖರ್ಚು ಮಾಡುವ ಹಣವೇ ಬೇಕು. ಇಷ್ಟವಾಗದಿರಲಿ.

ಅಭಿಮಾನಿಗಳು ಕೊಡುವುದಿಲ್ಲ ಎಂಬ ಗೊಣಗಾಟವನ್ನು ಮಾತ್ರ ಒಪ್ಪಲಾಗದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆ 2010ರ ಸೆಪ್ಟೆಂಬರಿನಲ್ಲಿ ತನ್ನ ಬೇಸ್‌ಬಾಲ್ ತಂಡವನ್ನು ಮುಚ್ಚುವುದಾಗಿ ಘೋಷಿಸಿತು. 1947ರಲ್ಲಿ ಕಾಲೇಜು ಬೇಸ್‌ಬಾಲಿನ ಮೊಟ್ಟಮೊದಲ ವಿಶ್ವ ಸರಣಿ ಗೆದ್ದ ತಂಡ ಅದು. ಹಳೆಯ ಆಟಗಾರರೂ ಅಭಿಮಾನಿಗಳೂ ಸೇರಿ ಕೆಲವೇ ತಿಂಗಳಲ್ಲಿ ಸುಮಾರು ಒಂದು ಕೋಟಿ ಡಾಲರಿನ ವಾಗ್ದಾನ ಎತ್ತಿದರು. 2011ರ ಏಪ್ರಿಲ್‌ನಲ್ಲಿ ತಂಡ ಉಳಿಯಿತು. ಅದೇ ಜೂನ್‌ನಲ್ಲಿ ಆ ತಂಡ ಒಮಾಹಾದಲ್ಲಿ ನಡೆಯುವ ಅದೇ ವಿಶ್ವ ಸರಣಿಗೆ ಅರ್ಹತೆ ಪಡೆದು ಹೋಯಿತು. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಸರ್ಕಾರಿ ವಿಶ್ವವಿದ್ಯಾಲಯ 2014ರ ಡಿಸೆಂಬರಿನಲ್ಲಿ ಖರ್ಚು ತೂಗದೆಂದು ಫುಟ್‌ಬಾಲನ್ನೇ ನಿಲ್ಲಿಸಿತು. ಫುಟ್‌ಬಾಲ್ ಎಂದರೆ ದೇವರು ಎನ್ನುವ ಸೀಮೆ ಅದು, ಆದರೆ ಅಲ್ಲಿನ ಭಕ್ತರೆಲ್ಲ ಟಸ್ಕಲೂಸಾ, ಆಬರ್ನ್‌ಗಳ ದೊಡ್ಡ ಗುಡಿಗಳಿಗೆ ನಡೆದುಕೊಳ್ಳುವವರು. ಬರ್ಮಿಂಗ್‌ಹ್ಯಾಮ್ ಪುಟ್ಟ ಗುಡಿ. ನಗರದ ಉದ್ಯಮಿಗಳು, ಹಳೆಯ ವಿದ್ಯಾರ್ಥಿಗಳು, ಅಭಿಮಾನಿಗಳು ಕೂಡಿ ಹಣ ಎತ್ತಿದ ಮೇಲೆ 2015ರ ಜೂನ್‌ನಲ್ಲಿ ತೀರ್ಮಾನ ತಿರುಗಿತು. 2017ರಲ್ಲಿ ತಂಡ ಮತ್ತೆ ಕಣಕ್ಕಿಳಿದು ಎಂಟು ಪಂದ್ಯ ಗೆದ್ದಿತು, ಮರುವರ್ಷ ತನ್ನ ಲೀಗಿನ ಪ್ರಶಸ್ತಿಯನ್ನೇ ಗೆದ್ದಿತು.

ಸ್ಟ್ಯಾನ್‌ಫರ್ಡಿನ ಕಥೆ ಇನ್ನೂ ಬಿಗಿ. 2020ರ ಜುಲೈನಲ್ಲಿ ಆ ವಿಶ್ವವಿದ್ಯಾಲಯ ತನ್ನ 36 ಆಟಗಳಲ್ಲಿ 11ನ್ನು ಒಂದೇ ಪತ್ರದಲ್ಲಿ ರದ್ದು ಮಾಡಿತು: ಕುಸ್ತಿ, ರೋಯಿಂಗ್, ಫೆನ್ಸಿಂಗ್, ಪುರುಷರ ವಾಲಿಬಾಲ್ ಹೀಗೆ. ಮರುವರ್ಷದ ಮಾರ್ಚಿನಲ್ಲಿ ಅದರ ಕುಸ್ತಿಪಟು ಶೇನ್ ಗ್ರಿಫಿತ್ ಕಾಲೇಜಿನ ಲಾಂಛನವಿಲ್ಲದ ಬರಿಯ ಕಪ್ಪು ಉಡುಪು ತೊಟ್ಟು ರಾಷ್ಟ್ರೀಯ ಚಾಂಪಿಯನ್ ಆದರು. ತನ್ನನ್ನು ಬೇಡವೆಂದ ಮನೆಯ ಹೆಸರನ್ನು ಎದೆಯ ಮೇಲೆ ಹೊತ್ತು ಗೆಲ್ಲಬೇಕಾದ ದರ್ದು ಯಾರಿಗಿದೆ? ಮೇ ತಿಂಗಳಲ್ಲಿ, ಹಳೆಯ ಕ್ರೀಡಾಪಟುಗಳ ಹಣದ ಭರವಸೆ ಮತ್ತು ಕೋರ್ಟಿನ ದಾವೆಗಳ ನಡುವೆ, ಹನ್ನೊಂದೂ ಆಟಗಳು ಮರಳಿದವು.

ಈ ಮೂರನ್ನೂ ಜನ ಅಭಿಮಾನದ ವಿಜಯವೆಂದು ಹೇಳಿಕೊಳ್ಳುತ್ತಾರೆ, ಅದು ನಿಜವೂ ಹೌದು. ಆದರೆ ಮೂರರಲ್ಲೂ ಹಣ ಬಂದದ್ದು ಮುಚ್ಚುತ್ತೇವೆ ಎಂದ ಮೇಲೆ. ಕೋಟಿ ಡಾಲರ್ ಕೊಡಲು ಸಿದ್ಧವಿದ್ದ ಜನ ಅದಕ್ಕೂ ಮೊದಲು ಅಲ್ಲೇ ಇದ್ದರಲ್ಲ? ಆ ತಂಡಕ್ಕೆ ಆಪತ್ತಿದೆ, ವರ್ಷಕ್ಕೆ ಇಷ್ಟು ಕೊರತೆ, ನೀವು ಇಷ್ಟು ಕೊಟ್ಟರೆ ತುಂಬುತ್ತದೆ ಎಂದು ಅವರ ಮುಂದೆ ಲೆಕ್ಕ ಬಿಚ್ಚಿಟ್ಟು ಸಕಾಲಕ್ಕೆ ಕೇಳಿದ್ದರೆ ಈ ಗೋಳು ಬೇಕಾಗುತ್ತಿರಲಿಲ್ಲ. ಬಾಗಿಲು ಹಾಕಿದ ಮೇಲೆ ಬರುವ ಹಣ ಶೋಕದ ಹಣ. ಒಮ್ಮೆ ಬರುತ್ತದೆ, ವರ್ಷ ವರ್ಷ ಬರುವುದಿಲ್ಲ.

ಲೆಕ್ಕ ಬಿಚ್ಚಿಡುವುದು ಕಷ್ಟವೂ ಅಲ್ಲ. ವರ್ಷಕ್ಕೆ 25,000 ಡಾಲರಿನ ಒಂದು ವಿದ್ಯಾರ್ಥಿವೇತನ ದತ್ತಿನಿಧಿಯ ಬಡ್ಡಿಯಿಂದ ಬರಬೇಕಾದರೆ, ಶೇಕಡ 5ರಂತೆ, ಐದು ಲಕ್ಷ ಡಾಲರ್ ಇಡಬೇಕು. ಅಷ್ಟು ಕೊಡಬಲ್ಲ ಶ್ರೀಮಂತನಿಗಾಗಿ ಕಾಯಬಹುದು. ಇಲ್ಲವೇ ತಲಾ 25 ಡಾಲರ್ ಕೊಡುವ ಸಾವಿರ ಜನರನ್ನು ಹುಡುಕಬಹುದು. ಶನಿವಾರ ಐವತ್ತು ಸಾವಿರ ಜನ ಸೇರುವ ಕ್ರೀಡಾಂಗಣದಲ್ಲಿ ಅದು ಐವತ್ತರಲ್ಲಿ ಒಬ್ಬ. ಆ ಒಬ್ಬನಿಗೆ ವರ್ಷದ ಕೊನೆಗೆ ಒಂದು ಪುಟದ ಕಾಗದ ಹೋಗಲಿ: ನಿಮ್ಮಂಥ ಸಾವಿರ ಜನರ ಹಣದಲ್ಲಿ 800 ಮೀಟರ್ ಓಡುವ ಈ ಹುಡುಗಿ ಓದುತ್ತಿದ್ದಾಳೆ, ಹೋದ ವರ್ಷಕ್ಕಿಂತ ಎರಡು ಸೆಕೆಂಡು ಬೇಗ ಓಡಿದ್ದಾಳೆ, ನರ್ಸಿಂಗ್ ಓದುತ್ತಿದ್ದಾಳೆ. ಅವಳ ಕೈಬರಹದಲ್ಲಿ ಎರಡು ಸಾಲು. ಸೀಟು, ಅಂಕ, ಪಾರ್ಕಿಂಗ್ ಯಾವುದೂ ಬೇಡ. ಅಭಿಮಾನಿಗಳಲ್ಲಿ ಅರೆಪಾಲಿಗೂ ಹೆಚ್ಚು ಜನ ಆ ಕಾಲೇಜಿನ ಮೆಟ್ಟಿಲನ್ನೇ ಹತ್ತದವರು ಇರುವ ಊರುಗಳಿವೆ. ಪ್ಲಂಬರ್, ಲಾರಿ ಡ್ರೈವರ್, ಶಾಲೆಯ ಅಡುಗೆಯಾಕೆ. ಹಳೆಯ ವಿದ್ಯಾರ್ಥಿಗಳ ಪಟ್ಟಿ ಹಿಡಿದು ಕೂತ ಕಚೇರಿಗೆ ಅವರ ವಿಳಾಸವೇ ಗೊತ್ತಿರುವುದಿಲ್ಲ. ಕಾಲೇಜು ತಮ್ಮದಲ್ಲದಿದ್ದರೂ ತಂಡ ತಮ್ಮದು ಎಂದುಕೊಂಡ ಇವರೇ 1934ರಲ್ಲಾದರೆ ಗೆಣಸು ತರುತ್ತಿದ್ದವರು.

ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಸ್ಟ್ಯಾನ್‌ಫರ್ಡಿನ ದತ್ತಿನಿಧಿ 2,500 ಕೋಟಿ ಡಾಲರಿಗೂ ಮಿಗಿಲು. ಅಂಥವರಿಗೆ ಲಾರಿ ಡ್ರೈವರ್ ಯಾಕೆ ಕೊಡಬೇಕು? ಕೊಡಬೇಕಾಗಿಲ್ಲ. ಅಲ್ಲಿ ಕೊರತೆಯಿದ್ದದ್ದು ಮನಸ್ಸಿಗೆ, ಬೊಕ್ಕಸಕ್ಕಲ್ಲ. ಕೇಳುವ ನೈತಿಕ ಹಕ್ಕು ಇರುವುದು ಬರ್ಮಿಂಗ್‌ಹ್ಯಾಮ್‌ನಂಥವರಿಗೆ, ಟಿವಿ ಒಪ್ಪಂದಗಳ ಮಳೆ ಬೀಳದ ರಾಜ್ಯ ವಿಶ್ವವಿದ್ಯಾಲಯಗಳಿಗೆ. ಅಲ್ಲಿ ಅಭಿಮಾನಿ ಕೊಡದ ಪ್ರತಿ ಡಾಲರೂ ಕೊನೆಗೆ ಸಾಲ ಮಾಡಿ ಓದುವ ವಿದ್ಯಾರ್ಥಿಯ ಶುಲ್ಕದ ಮೇಲೆ ಬೀಳುತ್ತದೆ. ಆಟವನ್ನು ಆನಂದಿಸುವವನು ಅದರ ಖರ್ಚು ಹೊರುವುದು, ಆಟ ನೋಡಲು ಪುರುಸೊತ್ತಿಲ್ಲದೆ ಹೋಟೆಲಿನಲ್ಲಿ ಪಾರ್ಟ್‌ಟೈಮ್ ದುಡಿಯುವ ವಿದ್ಯಾರ್ಥಿ ಹೊರುವುದಕ್ಕಿಂತ ನ್ಯಾಯ.

ಕರ್ನಾಟಕದ ಕಾಲೇಜುಗಳಿಗೆ ಇದರಿಂದ ಪಾಠವಿದೆಯೇ ಎಂದು ಯಾರಾದರೂ ಕೇಳಬಹುದು. ಇದೆ ಎನ್ನುವುದು ಅವಸರದ ಮಾತಾದೀತು. ಮೂಡುಬಿದಿರೆಯ ಆಳ್ವಾಸ್‌ನಂತೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುವ ಸಂಸ್ಥೆ ಇದೆ, ಆದರೆ ಅದು ನಿಂತಿರುವುದು ಸಂಸ್ಥೆಯ ಸಂಕಲ್ಪದ ಮೇಲೆ. ತಮ್ಮೂರಿನ ಕಾಲೇಜು ತಂಡದ ಪಂದ್ಯಕ್ಕೆ ಶನಿವಾರ ಅಂಗಡಿ ಮುಚ್ಚಿ ಹೋಗುವ ಅಭಿಮಾನಿ ಇಲ್ಲಿ ಹುಟ್ಟಿಲ್ಲ. ಹುಟ್ಟದ ಅಭಿಮಾನಿಯಿಂದ ವಂತಿಗೆ ಎತ್ತುವುದು ಹೇಗೆ?

ಅಮೆರಿಕದಲ್ಲಿ ಅಭಿಮಾನಿ ಇದ್ದಾನೆ, ಕಾಲ ಮಾತ್ರ ಮೀರುತ್ತಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿ ಒಬಿಸ್ಪೋದಲ್ಲಿರುವ ಕ್ಯಾಲ್ ಪಾಲಿ ವಿಶ್ವವಿದ್ಯಾಲಯ 2025ರ ಮಾರ್ಚ್‌ನಲ್ಲಿ ತನ್ನ ಈಜು ಮತ್ತು ಡೈವಿಂಗ್ ತಂಡಗಳನ್ನು ನಿಲ್ಲಿಸಿತು. ಹೌಸ್ ರಾಜಿಯಿಂದ ಬರಲಿರುವ ಹೊರೆಯನ್ನು ಕಾರಣಗಳಲ್ಲಿ ಒಂದೆಂದು ಹೇಳಿತು. ಐವತ್ತಕ್ಕೂ ಮಿಕ್ಕ ಈಜುಗಾರರು ಅತಂತ್ರರಾದರು. ಹಳೆಯ ಈಜುಗಾರರು, ಪೋಷಕರು ಹಣ ಎತ್ತಲು ಓಡಾಡಿದರು, ಲಕ್ಷ ಲಕ್ಷ ಡಾಲರುಗಳ ಭರವಸೆಯೂ ಬಂತು. ಆದರೆ ತಂಡವನ್ನು ಶಾಶ್ವತವಾಗಿ ನಿಲ್ಲಿಸಿಕೊಳ್ಳಲು ವಿಶ್ವವಿದ್ಯಾಲಯ ಇಟ್ಟ ಗುರಿ ಕೋಟಿಗಳಲ್ಲಿತ್ತು, ಕೊಟ್ಟ ಕಾಲ ತಿಂಗಳುಗಳಲ್ಲಿ. ಬೇಸಿಗೆಯ ಹೊತ್ತಿಗೆ ಪ್ರಯತ್ನ ಮುಗಿಯಿತು, ತಂಡ ಮರಳಲಿಲ್ಲ. ಈಜುಗಾರರಲ್ಲಿ ಮುಂದೆಯೂ ಈಜಬೇಕೆಂದವರು ಬೇರೆ ಕಾಲೇಜುಗಳ ಬಾಗಿಲು ತಟ್ಟಬೇಕಾಯಿತು.